‘ನಮ್ಮ ಅಡಿಕೆ ಪಾಸಾಯ್ತಾ?’

ದಾವಣಗೆರೆಯಲ್ಲಿ ಪಿಎಚ್.ಡಿ ಮಾಡುವ ಮಕ್ಕಳು ಆಪ್ತಸಲಹೆಗೆ ನನ್ನ ಹತ್ತಿರ ಬರುವುದು ಹೊಸದಲ್ಲ. ಗೈಡ್ ಜೊತೆ ಸರಿಹೋಗುತ್ತಿಲ್ಲ, ಫೆಲೋಶಿಪ್ ದುಡ್ಡು ಬಂದಿಲ್ಲ, ಮನೆಯಲ್ಲಿ ಮದುವೆಗೆ ಅವಸರ. ಇವೆಲ್ಲ ಮಾಮೂಲಿ. ಕ್ಯಾನ್ಸರ್ ಲ್ಯಾಬಿನವರು ಮಾತ್ರ ಇನ್ನೊಂದು ಸಂಕಟ ತರುತ್ತಾರೆ. ಅಲ್ಲಿ ಗೊತ್ತಾಗಿದ್ದನ್ನು ಮನೆಯಲ್ಲಿ ಬಾಯಿ ಬಿಟ್ಟು ಹೇಳಲಾಗದ ಸಂಕಟ. ಪದೇ ಪದೇ ಬರುತ್ತಿರುವುದರಿಂದ ಒಂದು ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ, ಹುಡುಗಿಯ ಒಪ್ಪಿಗೆಯೂ ಇದೆ.

ಚನ್ನಗಿರಿ ಕಡೆಯವಳು. ಅಡಿಕೆ ತೋಟದ ಮನೆ. ಸಂಶೋಧನೆ ಬಾಯಿ ಕ್ಯಾನ್ಸರ್ ಮೇಲೆ. ನಿದ್ದೆ ಬರ್ತಿಲ್ಲ, ಥೀಸಿಸ್‌ನ ಮೊದಲ ಅಧ್ಯಾಯ ಮುಂದೆ ಹೋಗ್ತಿಲ್ಲ ಅಂತ ಬಂದಳು. ಒಂದೇ ವಾಕ್ಯ ಬರೆದು ಅಳಿಸುತ್ತಿದ್ದಳಂತೆ: ಅಡಿಕೆ ಕ್ಯಾನ್ಸರ್ ತರುತ್ತದೆ ಎಂಬ ವಾಕ್ಯ.

ಮುಂದಿನ ಸಲ ಬಂದಾಗ ವಿಷಯ ಬಿಚ್ಚಿಕೊಂಡಿತು. ಪ್ರಯೋಗಕ್ಕೆ ಅಡಿಕೆ ಬೇಕಿತ್ತು. ‘ನಿಮ್ಮದೇ ತೋಟ ಇದೆಯಲ್ಲ, ತಗೊಂಡು ಬಾ’ ಅಂದರು ಗೈಡ್. ಅಪ್ಪ ರಾಶಿ ಇಡಿಯ ಚೀಲ ಬಿಚ್ಚಿ ಕೂತರಂತೆ. ಒಂದೊಂದೇ ಅಡಿಕೆ ಬೆಳಕಿಗೆ ಹಿಡಿದು, ಹುಳ ಹಿಡಿದಿದ್ದು, ಬೂಸಲು ಬಂದಿದ್ದು ತೆಗೆದು, ಒಂದು ಕೇಜಿ ಆರಿಸಿ ಕೊಟ್ಟರು. ‘ಯೂನಿವರ್ಸಿಟಿಗೆ ಅಂದ್ರೆ ಸುಮ್ನೆನಾ? ಒಳ್ಳೇದೇ ಕೊಡಬೇಕು.’ ಊರೆಲ್ಲ ಹೇಳಿಕೊಂಡು ಬಂದರು. ಆಮೇಲೆ ವಾರಕ್ಕೊಂದು ಫೋನು: ‘ಏನಮ್ಮಾ, ನಮ್ಮ ಅಡಿಕೆ ಪಾಸಾಯ್ತಾ?’

ಲ್ಯಾಬಿನಲ್ಲಿ ಆ ಅಡಿಕೆಯನ್ನು ಪುಡಿ ಮಾಡಿ, ಸತ್ವ ತೆಗೆದು, 37 ಡಿಗ್ರಿಯಲ್ಲಿ ಬೆಳೆಸಿದ ಕ್ಯಾನ್ಸರ್ ಜೀವಕೋಶಗಳ ಮೇಲೆ ಹಾಕಿದ್ದರು. ಎಂಟಿಟಿ ಅಂತ ಒಂದು ಪರೀಕ್ಷೆ ಇದೆ. ಬದುಕಿರುವ ಕೋಶ ಹಳದಿ ದ್ರಾವಣವನ್ನು ನೇರಳೆ ಮಾಡುತ್ತದೆ. ಸತ್ವ ಜಾಸ್ತಿ ಹಾಕಿದಷ್ಟೂ ನೇರಳೆ ತೆಳುವಾಗುತ್ತಾ ಹೋಯಿತು.

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: ‘ಕ್ಯಾನ್ಸರ್ ಕೋಶ ಸತ್ತವು, ನಮ್ಮ ಅಡಿಕೆ ಪಾಸು ಅಂತ ಅಪ್ಪಾಜಿಗೆ ಹೇಳಿದ್ರೆ ಅದು ಸುಳ್ಳೂ ಅಲ್ಲ, ಅಲ್ವಾ ಮೇಡಂ?’

ಇಡೀ ಪ್ರಕರಣ ಈ ಮಾತಿನಲ್ಲಿದೆ. ‘ಅಡಿಕೆಯಿಂದ ಕ್ಯಾನ್ಸರ್ ವಾಸಿ’ ಅನ್ನೋ ವಾಟ್ಸಾಪ್ ಸಂದೇಶ ಹುಟ್ಟುವುದೇ ಇಂಥ ಅರ್ಧ ನಿಜದಿಂದ. ನಾನು ಕೇಳಿದೆ, ‘ಫಿನಾಯಿಲ್ ಹಾಕಿದ್ರೆ ಆ ಕೋಶ ಸಾಯಲ್ವಾ?’ ‘ಸಾಯ್ತವೆ.’ ‘ಪಕ್ಕದಲ್ಲಿ ಮಾಮೂಲಿ ಕೋಶ ಇಟ್ಟಿರಲಿಲ್ವಾ?’ ‘ಅವೂ ಸತ್ತವು’ ಅಂದಳು. ಅಳು ಬಂತು. ಅಳುತ್ತಲೇ ಹೇಳಿದಳು, ಅಪ್ಪ ಈಗ ಮಂಡಕ್ಕಿ ಜೊತೆ ಮಿರ್ಚಿ ಮುಟ್ಟಲ್ಲ, ಬಾಯಿ ಉರಿ ಅಂತಾರೆ. ರೊಟ್ಟಿ ಸಣ್ಣ ಸಣ್ಣ ಚೂರು ಮಾಡ್ಕೊಂಡು ತಿಂತಾರೆ. ಬಾಯಿ ಪೂರ್ತಿ ತೆರೆಯೋಕೆ ಆಗ್ತಿಲ್ಲ.

ಓದಿದ ಹುಡುಗಿ. ಇದರ ಅರ್ಥ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ನಾನು ಕೊಟ್ಟ ಸಲಹೆ ಇಷ್ಟು. ತೋಟದ ಮಾತು ಈಗ ಬೇಡ. ಪ್ರಯೋಗದ ಮಾತೂ ಬೇಡ. ಫೋನಿನಲ್ಲಂತೂ ಬೇಡವೇ ಬೇಡ. ಪಾಸಾಯ್ತಾ ಅಂತ ಕೇಳಿದರೆ, ಕೆಲಸ ಇನ್ನೂ ನಡೀತಿದೆ ಅನ್ನು, ಅದು ನಿಜವೇ. ಈ ವಾರ ಊರಿಗೆ ಹೋಗು. ‘ಅಪ್ಪಾಜಿ, ಬಾಯಿ ಉರಿ ಅಂತೀರಲ್ಲ, ಒಂದ್ಸಲ ತೋರಿಸೋಣ ಬನ್ನಿ’ ಅಂತ ದಾವಣಗೆರೆಯ ಡೆಂಟಲ್ ಕಾಲೇಜಿಗೆ ಕರೆದುಕೊಂಡು ಬಾ. ಥೀಸಿಸ್‌ನ ವಾಕ್ಯ ಮಾತ್ರ ಹಾಗೇ ಇರಲಿ, ಒಂದಕ್ಷರ ಮೆತ್ತಗೆ ಮಾಡಬೇಡ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ಹೊಗೆಸೊಪ್ಪು ಸೇರಿದ ಎಲೆ ಅಡಿಕೆಯನ್ನಷ್ಟೇ ಕ್ಯಾನ್ಸರ್‌ಕಾರಕ ಎಂದಿತ್ತು. 2004ರಲ್ಲಿ ಬರೀ ಅಡಿಕೆಯನ್ನೂ ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದವುಗಳ ಪಟ್ಟಿಗೆ ಸೇರಿಸಿತು. ಅದೇ ಗುಂಪಿನಲ್ಲಿ ಬಿಸಿಲೂ ಇದೆ, ಹೆಂಡವೂ ಇದೆ. ಸಾಕ್ಷ್ಯ ಎಷ್ಟು ಗಟ್ಟಿ ಅಂತ ಆ ಗುಂಪು ಹೇಳುತ್ತದೆ, ಅಪಾಯ ಎಷ್ಟು ದೊಡ್ಡದು ಅಂತಲ್ಲ. ಬೆಳೆದವರು ಪಾಪಿಗಳು ಅಂತಂತೂ ಅಲ್ಲವೇ ಅಲ್ಲ. ಇದನ್ನು ಅವಳಿಗೆ ಬಿಡಿಸಿ ಹೇಳಿದೆ. ಅವಳಿಗೆ ಗೊತ್ತಿದ್ದದ್ದೇ, ಆದರೆ ಬೇರೆಯವರ ಬಾಯಲ್ಲಿ ಕೇಳಬೇಕಿತ್ತು ಅಂತ ಕಾಣುತ್ತೆ.

ಇದು ಆಪ್ತಸಲಹೆಯಲ್ಲ, ವೈದ್ಯರ ಕೆಲಸಕ್ಕೆ ಕೈ ಹಾಕಿದ್ದೀರಿ ಅಂದರು ಸಹೋದ್ಯೋಗಿಯೊಬ್ಬರು. ಮೊದಲು ಅವಳ ಪಾಪಪ್ರಜ್ಞೆಯ ಬಗ್ಗೆ ಮಾತಾಡಬೇಕಿತ್ತಂತೆ. ನಾನು ಒಪ್ಪುವುದಿಲ್ಲ. ಆ ಮಾತಿಗೆ ಆರು ತಿಂಗಳು ಹಿಡಿದರೂ ನಡೆಯುತ್ತೆ. ಅಷ್ಟರಲ್ಲಿ ಅಪ್ಪನ ಬಾಯಿ ಇನ್ನೂ ಬಿಗಿಯುತ್ತಿತ್ತು. ನಾನು ರೋಗದ ಹೆಸರು ಹೇಳಲಿಲ್ಲ, ಔಷಧಿ ಹೇಳಲಿಲ್ಲ. ತೋರಿಸು ಅಂದೆ, ಅಷ್ಟೇ.

ತೋರಿಸಿದಳು. ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂದರು. ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಭಾಗ ಗಡುಸಾಗಿ ಬಾಯಿ ಬಿಗಿಯುವ ಕಾಯಿಲೆ. ಕ್ಯಾನ್ಸರ್ ಅಲ್ಲ, ಆದರೆ ಹಾಗೆ ತಿರುಗುವ ಸಾಧ್ಯತೆ ಇರುವುದರಿಂದ ಆಗಾಗ ತೋರಿಸುತ್ತಿರಬೇಕು. ಗಡುಸಾದದ್ದು ಪೂರ್ತಿ ಮೊದಲಿನಂತಾಗುವುದು ಕಷ್ಟ. ಇನ್ನು ಅಡಿಕೆ ಬಾಯಿಗೆ ಹಾಕಲೇಬೇಡಿ ಅಂದರಂತೆ ಡಾಕ್ಟರು. ಅಪ್ಪ ಬಿಟ್ಟಿದ್ದಾರೆ, ಮನೆಗೆ ಬಂದವರಿಗೆ ಮಾತ್ರ ತಟ್ಟೆಯಲ್ಲಿ ಈಗಲೂ ಕೊಡುತ್ತಾರೆ.

ಅಧ್ಯಾಯ ಮುಗಿದಿದೆ. ಪ್ರಯೋಗದ ವಿಷಯ ಅಪ್ಪನಿಗೆ ಇನ್ನೂ ಹೇಳಿಲ್ಲ. ಕೊಯ್ಲು ಮುಗಿದ ಮೇಲೆ ಹೇಳ್ತೀನಿ ಅಂದಿದ್ದಾಳೆ. ನಾನು ಒತ್ತಾಯ ಮಾಡಿಲ್ಲ.