ಕಟ್ಟಿದ ಕಂದಾಯಕ್ಕೆ ಮತ್ತೆ ನೋಟಿಸ್ ಬಂದಾಗ

ಪ್ರಶ್ನೆ: ನಮ್ಮ ಮನೆ ಹಾಸನ ಜಿಲ್ಲೆಯ ಒಂದು ನಗರಸಭೆಯ ವ್ಯಾಪ್ತಿಯಲ್ಲಿದೆ. ತಂದೆಯವರು ತೀರಿಕೊಂಡ ಮೇಲೆ ಖಾತೆ ಬದಲಾವಣೆಗೆ ಅರ್ಜಿ ಕೊಟ್ಟಾಗ, 2017-18ರಿಂದ 2019-20ರವರೆಗಿನ ಮೂರು ಸಾಲಿನ ಕಂದಾಯ ಬಾಕಿ ಇದೆಯೆಂದೂ ದಂಡ ಸೇರಿ ಅಸಲಿನ ಎರಡೂವರೆ ಪಟ್ಟು ಕಟ್ಟಬೇಕೆಂದೂ ಹೇಳಿದರು. ತಂದೆಯವರು ಪ್ರತಿವರ್ಷ ಬ್ಯಾಂಕಿನಲ್ಲಿ ಚಲನ್ ಮೂಲಕ ಕಟ್ಟುತ್ತಿದ್ದರು. ಮೊದಲ ಎರಡು ವರ್ಷದ ಚಲನ್‌ಗಳು ಸಿಕ್ಕಿವೆ, ಮೂರನೆಯದು ಸಿಕ್ಕಿಲ್ಲ. ಪೂರ್ತಿ ಕಟ್ಟಿ ಕೈತೊಳೆದುಕೊಳ್ಳಬೇಕೇ, ಕೋರ್ಟಿಗೆ ಹೋಗಬೇಕೇ?

ಉತ್ತರ: ಎರಡೂ ಬೇಡ. ಒಮ್ಮೆ ಕಟ್ಟಿದ ಕಂದಾಯವನ್ನು ಎರಡನೆಯ ಸಲ ಕಟ್ಟಿಸಿಕೊಳ್ಳುವುದು, ಮೊತ್ತ ಎಷ್ಟೇ ಚಿಕ್ಕದಿರಲಿ, ಅನ್ಯಾಯವೇ. ಅದನ್ನು ಸರಿಪಡಿಸಿಕೊಳ್ಳುವ ದಾರಿ ಹೆಚ್ಚಿನ ಸಂದರ್ಭಗಳಲ್ಲಿ ನಗರಸಭೆಯ ಕಂದಾಯ ಶಾಖೆಯಲ್ಲೇ ಇರುತ್ತದೆ. ಆದರೆ ಕೌಂಟರಿನಲ್ಲಿ ನಿಂತು ಒಟ್ಟು ಮೊತ್ತದ ಬಗ್ಗೆ ವಾದ ಮಾಡಿದರೆ ಏನೂ ಸಿಗುವುದಿಲ್ಲ. ಸಾಲುವಾರು, ಅಂದರೆ ಒಂದೊಂದು ಆರ್ಥಿಕ ವರ್ಷಕ್ಕೂ ತೆರಿಗೆ ಎಷ್ಟು, ಉಪಕರ ಎಷ್ಟು, ದಂಡ ಎಷ್ಟು ಎಂಬ ಲೆಕ್ಕವನ್ನು ಲಿಖಿತವಾಗಿ ಕೇಳಿ ಪಡೆದುಕೊಳ್ಳಿ. ಬೇಡಿಕೆ, ವಸೂಲಿ ಮತ್ತು ಬಾಕಿಯನ್ನು ಬರೆದಿಡುವ ಡಿಸಿಬಿ ವಹಿ ಅವರಲ್ಲಿದೆ. ನಿಮ್ಮ ಅಸೆಸ್‌ಮೆಂಟ್ ಸಂಖ್ಯೆಯ, ಅಂದರೆ ತೆರಿಗೆ ವಹಿಯಲ್ಲಿ ನಿಮ್ಮ ಮನೆಗೆ ಕೊಟ್ಟಿರುವ ಸಂಖ್ಯೆಯ ಎದುರು ಆ ಮೂರು ವರ್ಷಗಳಲ್ಲಿ ಏನು ದಾಖಲಾಗಿದೆ ಎಂಬುದರ ನಕಲು ಕೊಡಿ ಎಂದು ಪೌರಾಯುಕ್ತರ ಹೆಸರಿಗೆ ಅರ್ಜಿ ಬರೆದು, ಎರಡನೆಯ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ.

ಕೈಯಲ್ಲಿರುವ ಎರಡು ಚಲನ್‌ಗಳನ್ನು ಹಗಲು ಬೆಳಕಿನಲ್ಲಿ ಒಮ್ಮೆ ಸರಿಯಾಗಿ ನೋಡಿ. ಬ್ಯಾಂಕಿನ ಮೊಹರಿನಲ್ಲಿರುವ ದಿನಾಂಕ, ಯಾವ ಸಾಲಿಗೆ ಎಂದು ಬರೆದಿರುವ ಜಾಗ, ಅಸೆಸ್‌ಮೆಂಟ್ ಸಂಖ್ಯೆ ಈ ಮೂರೇ ಮುಖ್ಯ. ಇಂಥದೇ ತಕರಾರಿನಲ್ಲಿ ನನ್ನ ಮುಂದೆ ಬಂದ ಒಂದು ಚಲನ್‌ನಲ್ಲಿ ಸಂಖ್ಯೆಯ ಕೊನೆಯ 7 ಎಂಬುದು 1 ಎಂದು ಓದುವಂತಿತ್ತು. ಹಣ ಅದೇ ಬೀದಿಯ ಬೇರೊಂದು ಮನೆಯ ಲೆಕ್ಕಕ್ಕೆ ಜಮೆಯಾಗಿ, ಆ ಮನೆಯವರಿಗೆ ಅರಿವಿಲ್ಲದಂತೆಯೇ ಒಂದು ವರ್ಷದ ಹೆಚ್ಚುವರಿ ಜಮೆ ಕಾಣುತ್ತಿತ್ತು. ವಾರ್ಡ್ ಬದಲಾಗಿ ಹಳೆಯ ಸಂಖ್ಯೆಗೆ ಹೊಸ ಸಂಖ್ಯೆ ಬಂದಿದ್ದರೂ, ಹಳೆಯ ವಹಿಯಿಂದ ಗಣಕಯಂತ್ರಕ್ಕೆ ಏರಿಸುವಾಗ ಒಂದು ನಮೂದು ಬಿಟ್ಟುಹೋಗಿದ್ದರೂ ಹೀಗೆಯೇ ಆಗುತ್ತದೆ. ಚಲನ್‌ಗಳ ನಕಲನ್ನು ಮಾತ್ರ ಅರ್ಜಿಗೆ ಲಗತ್ತಿಸಿ. ಮೂಲ ಪ್ರತಿಯನ್ನು ಪರಿಶೀಲನೆಗೆ ತೋರಿಸಿ ಅಲ್ಲೇ ಹಿಂದಕ್ಕೆ ಪಡೆಯಿರಿ, ಯಾರ ಮೇಜಿನ ಮೇಲೂ ಬಿಟ್ಟು ಬರಬೇಡಿ.

ಮೂರನೆಯ ವರ್ಷಕ್ಕೆ ತಂದೆಯವರ ಪಾಸ್‌ಬುಕ್ ನೋಡಿ. ಏಪ್ರಿಲ್‌ನಲ್ಲಿ ಕಟ್ಟಿದವರಿಗೆ ಶೇ 5 ರಿಯಾಯಿತಿ ಇರುವುದರಿಂದ, ಪ್ರತಿವರ್ಷ ತಪ್ಪದೆ ಕಟ್ಟುತ್ತಿದ್ದವರ ಹಣ ಸಾಮಾನ್ಯವಾಗಿ ಏಪ್ರಿಲ್‌ನಲ್ಲೇ ಹೋಗಿರುತ್ತದೆ. 2019ರ ಏಪ್ರಿಲ್‌ನಿಂದ ಹುಡುಕಲು ಆರಂಭಿಸಿ. ನಗದಾಗಿ ಕಟ್ಟಿದ್ದರೆ ಪಾಸ್‌ಬುಕ್‌ನಲ್ಲಿ ಕಾಣುವುದಿಲ್ಲ. ಆಗ ನಗರಸಭೆಯ ಖಾತೆಗೆ ಆ ಅವಧಿಯಲ್ಲಿ ಜಮೆಯಾದ ಚಲನ್‌ಗಳ ವಿವರವನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ಶುಲ್ಕ ₹10, ಉತ್ತರಕ್ಕೆ 30 ದಿನಗಳ ಗಡುವು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕು, ಆದ್ದರಿಂದ ಅಳಲನ್ನು ಬರೆಯದೆ ಬೇಕಾದ ದಾಖಲೆಯನ್ನಷ್ಟೇ ಬರೆಯಿರಿ.

ಇಷ್ಟಾದರೂ ಮೂರನೆಯ ವರ್ಷಕ್ಕೆ ಪುರಾವೆ ದೊರೆಯದಿದ್ದರೆ, ಆ ಒಂದು ವರ್ಷದ್ದನ್ನು ಕಟ್ಟಿಬಿಡುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಮೇ ಮತ್ತು ಜೂನ್ ಕಳೆದ ಮೇಲೆ ತಿಂಗಳಿಗೆ ಶೇ 2ರಂತೆ ದಂಡ ಏರುತ್ತಲೇ ಇರುತ್ತದೆ. ವರ್ಷದ ತೆರಿಗೆ ₹2,400 ಎಂದಿಟ್ಟುಕೊಳ್ಳಿ, ತಿಂಗಳಿಗೆ ₹48 ದಂಡ. 2019ರ ಜುಲೈಯಿಂದ 2025ರ ಜೂನ್ ಕೊನೆಯವರೆಗೆ 72 ತಿಂಗಳಾಗಿ ದಂಡವೇ ₹3,456 ಆಗುತ್ತದೆ. ನಿಮಗೆ ಕೊಟ್ಟ ಲೆಕ್ಕ ಇದಕ್ಕೆ ಹೊಂದುತ್ತದೆಯೇ, ದಂಡದ ಮೇಲೂ ದಂಡ ಹಾಕಿದ್ದಾರೆಯೇ ಎಂದು ನೀವೇ ಕೂತು ಲೆಕ್ಕ ಹಾಕಿ ನೋಡಿ. ಹಣ ಕಟ್ಟುವಾಗ, ಇದು 2019-20ನೇ ಸಾಲಿಗೆ ಮಾತ್ರ, ಉಳಿದ ಎರಡು ಸಾಲುಗಳ ಬಗ್ಗೆ ನನ್ನ ಆಕ್ಷೇಪಣೆ ಬಾಕಿ ಇದೆ ಎಂದು ಪತ್ರ ಕೊಟ್ಟು ಕಟ್ಟಿ. ಹಾಗೆ ಮಾಡದಿದ್ದರೆ ಹಣವನ್ನು ಹಳೆಯ ಬಾಕಿಗೆ ಹೊಂದಿಸಿಕೊಂಡು, ಇತ್ತೀಚಿನದನ್ನು ಬಾಕಿಯಾಗಿಯೇ ಉಳಿಸುವ ಸಾಧ್ಯತೆ ಇದೆ.

ದಂಡವನ್ನು ಮನ್ನಾ ಮಾಡಿ ಎಂದು ಕೌಂಟರಿನ ನೌಕರರನ್ನು ಕೇಳಿ ಪ್ರಯೋಜನವಿಲ್ಲ. ಬೆಂಗಳೂರಿನಲ್ಲಿ 2024ರಲ್ಲಿ ಬಾಕಿದಾರರಿಗೆ ಸಿಕ್ಕ ಒಂದು ಬಾರಿಯ ಪರಿಹಾರ ಯೋಜನೆ ರಾಜ್ಯ ಸರ್ಕಾರದ ಮಟ್ಟದ ತೀರ್ಮಾನವಾಗಿತ್ತು. ಅದರ ಗಡುವನ್ನು ಜುಲೈ 31ರಿಂದ ನವೆಂಬರ್ 30ರವರೆಗೆ ವಿಸ್ತರಿಸಿದ್ದೂ ಸರ್ಕಾರವೇ. ನಿಮ್ಮ ಊರಿಗೂ ಅಂಥದ್ದು ಬರಬಹುದೆಂದು ಕಾಯುತ್ತ ಕೂರುವುದು ಬೇಡ.

ಪ್ರಶ್ನೆ: ಎರಡು ವರ್ಷದ ಹಿಂದೆ ಕೊಂಡ ಮನೆಗೆ, ಹಿಂದಿನ ಮಾಲೀಕರ ಕಾಲದ ಬಾಕಿ ಕಟ್ಟಿ ಎಂದು ನಮಗೆ ನೋಟಿಸ್ ಬಂದಿದೆ. ಇದು ನಮ್ಮ ಹೊಣೆಯೇ?

ಉತ್ತರ: ಆಸ್ತಿ ತೆರಿಗೆ ಆಸ್ತಿಯ ಮೇಲಿನ ಭಾರವಾದ್ದರಿಂದ ಸ್ಥಳೀಯ ಸಂಸ್ಥೆ ಮೊದಲು ನೋಡುವುದು ಮನೆಯನ್ನು, ಅಂದರೆ ಈಗ ನಿಮ್ಮನ್ನು. ಆದರೆ ನಿಮ್ಮ ಮತ್ತು ಮಾರಿದವರ ನಡುವಿನ ಲೆಕ್ಕ ಬೇರೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನಂತೆ, ಬೇರೆ ಕರಾರು ಇಲ್ಲದಿದ್ದರೆ, ಕ್ರಯದ ದಿನದವರೆಗಿನ ಸರ್ಕಾರಿ ಬಾಕಿಗಳನ್ನು ತೀರಿಸುವುದು ಮಾರಿದವರ ಕರ್ತವ್ಯ. ನಿಮ್ಮ ಕ್ರಯಪತ್ರದಲ್ಲಿಯೂ ಸಾಮಾನ್ಯವಾಗಿ ಆ ಭರವಸೆಯ ಸಾಲು ಇರುತ್ತದೆ, ತೆಗೆದು ಓದಿ. ಬಾಕಿಯ ಸುಳಿವೇ ಇಲ್ಲದೆ ಹಣ ಕೊಟ್ಟು ಕೊಂಡವರ ವಿರುದ್ಧ, ಕಾನೂನಿನಲ್ಲಿ ಸ್ಪಷ್ಟವಾಗಿ ಹೇಳಿಲ್ಲದ ಹೊರತು, ಇಂಥ ಭಾರವನ್ನು ಜಾರಿಮಾಡುವಂತಿಲ್ಲ ಎಂದು ಅಹಮದಾಬಾದ್ ಪಾಲಿಕೆಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1971ರಲ್ಲಿ ಹೇಳಿದ್ದುಂಟು. ಆದರೆ ಕೊಳ್ಳುವಾಗ ಕಂದಾಯದ ರಸೀದಿ ಕೇಳಿದ್ದಿರಾ ಎಂಬ ಪ್ರಶ್ನೆ ಅಲ್ಲಿ ನಿಮಗೂ ಎದುರಾಗುತ್ತದೆ. ಮೊತ್ತ ಸಣ್ಣದಾಗಿದ್ದರೆ ನೋಟಿಸಿನ ಪ್ರತಿಯನ್ನು ಮಾರಿದವರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, 15 ದಿನಗಳ ಸಮಯ ಕೊಟ್ಟು, ಅವರು ಕಟ್ಟದಿದ್ದರೆ ನೀವು ಕಟ್ಟಿ ರಸೀದಿ ಇಟ್ಟುಕೊಂಡು ಅವರಿಂದ ವಸೂಲು ಮಾಡಿಕೊಳ್ಳಿ.