ಅರ್ಧ ವಾಟಿನ ಗಿಟಾರ್ ಆಂಪ್ಲಿಫೈಯರಿಗೆ ಎಂಥ ಸ್ಪೀಕರ್?

ಪ್ರಶ್ನೆ: ಎಲ್‌ಎಂ 386 ಐಸಿ (ದನಿ ಹಿಗ್ಗಿಸುವ ಪುಟ್ಟ ಚಿಪ್) ಹಾಕಿ, 9 ವೋಲ್ಟ್ ಬ್ಯಾಟರಿಯಲ್ಲಿ ನಡೆಯುವ ಸಣ್ಣ ಗಿಟಾರ್ ಆಂಪ್ಲಿಫೈಯರ್ ಮಾಡಿದ್ದೇನೆ. ಪಾಕೆಟ್ ರೇಡಿಯೋದ ಎರಡೂವರೆ ಇಂಚಿನ ಸ್ಪೀಕರಿನಲ್ಲಿ ದನಿ ಕೀರಲಾಗಿದೆ. ಜೋರಾಗಿ ಮೀಟಿದರೆ ಒಡೆಯುತ್ತದೆ. 50 ವಾಟಿನ ಕಾರ್ ಸ್ಪೀಕರ್ ಹಾಕಿದರೆ ಸರಿಯಾದೀತೇ? (ಬದಿಯಡ್ಕದ ಓದುಗರು)

ಉತ್ತರ: ಕಾರ್ ಸ್ಪೀಕರ್ ಬೇಡ. ಸ್ಪೀಕರಿನ ಬೆನ್ನ ಮೇಲೆ ಬರೆದ ವಾಟ್, ಅದು ಸುಟ್ಟುಹೋಗದೆ ಎಷ್ಟು ತಾಳಿಕೊಳ್ಳುತ್ತದೆ ಎಂಬ ಲೆಕ್ಕ ಮಾತ್ರ. ಎಷ್ಟು ಶಬ್ದ ಕೊಡುತ್ತದೆ ಎಂಬುದನ್ನು ಹೇಳುವುದು ಸೆನ್ಸಿಟಿವಿಟಿ, ಅಂದರೆ 1 ವಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಕೇಳುವ ಡೆಸಿಬಲ್. ನಿಮ್ಮ ಐಸಿ 9 ವೋಲ್ಟಿನಲ್ಲಿ 8 ಓಮ್ (ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ) ಸ್ಪೀಕರಿಗೆ ಕೊಡುವುದು ಅರ್ಧ ವಾಟಿನ ಆಸುಪಾಸು. 94 ಡೆಸಿಬಲಿನ ಸ್ಪೀಕರಿನಲ್ಲಿ ಆ ಅರ್ಧ ವಾಟಿಗೆ ಬರುವ ಶಬ್ದವನ್ನು 86 ಡೆಸಿಬಲಿನದರಲ್ಲಿ ಪಡೆಯಲು 3 ವಾಟಿಗೂ ಹೆಚ್ಚು ಬೇಕು. ಆದ್ದರಿಂದ ದುಡ್ಡು ಹಾಕುವುದಾದರೆ ಇನ್ನೊಂದು ಐಸಿಗಲ್ಲ, ಸ್ಪೀಕರಿಗೇ ಹಾಕಿ.

ಕಾರ್ ಸ್ಪೀಕರಿನ ಕೋನ್, ಅಂದರೆ ಅಲುಗಿ ದನಿ ಹೊರಡಿಸುವ ಭಾಗ, ಭಾರ, ಅಂಚಿನ ರಬ್ಬರ್ ಬಿಗಿ. ಅರ್ಧ ವಾಟ್ ಅದನ್ನು ಅಲುಗಿಸಲು ತಿಣುಕುತ್ತದೆ. ಹೆಚ್ಚಿನವು 4 ಓಮಿನವು. ಐಸಿ ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಕುಸಿಯುತ್ತದೆ. ನಡುವೆ ಟ್ವೀಟರ್ (ತಾರ ಸ್ವರಗಳ ಪುಟ್ಟ ಸ್ಪೀಕರ್) ಇದ್ದರಂತೂ ಒಡೆದ ದನಿ ಕಿವಿಗೆ ಚುಚ್ಚುತ್ತದೆ. ಗಿಟಾರಿಗೆಂದೇ ಮಾಡಿದ ಸ್ಪೀಕರುಗಳು ಸುಮಾರು 5,000 ಹರ್ಟ್ಸ್‌ನ ಮೇಲೆ ತಾವಾಗಿ ಇಳಿಯುತ್ತವೆ. ಆ ಮಂದತನವೇ ನಿಮಗೆ ಬೇಕಾದದ್ದು.

ಬೇಕಿರುವುದು ಹಗುರ ಕಾಗದದ ಕೋನ್, ತೆಳು ಅಂಚು, 8 ಓಮ್, 6ರಿಂದ 8 ಇಂಚು. ಗಿಟಾರಿನ ಅತಿ ಮಂದ್ರ ತಂತಿ 82 ಹರ್ಟ್ಸ್. ಎರಡೂವರೆ ಇಂಚಿನ ಸ್ಪೀಕರಿನಲ್ಲಿ 200 ಹರ್ಟ್ಸ್‌ನ ಕೆಳಗೆ ಹೇಳಿಕೊಳ್ಳುವಂಥ ದನಿಯೇ ಇಲ್ಲ. ಕೀರಲಿಗೆ ಅದೇ ಕಾರಣ. ಹೊಸತು ಕೊಳ್ಳಲಾಗದಿದ್ದರೆ ಗುಜರಿಗೆ ಹೋಗುವ ಟೂ ಇನ್ ಒನ್ (ರೇಡಿಯೋ-ಕ್ಯಾಸೆಟ್ ಪ್ಲೇಯರ್) ಅಥವಾ ಹಳೆಯ ರೇಡಿಯೋದ ಸ್ಪೀಕರ್ ಹುಡುಕಿ. ವಾಲ್ವ್ ರೇಡಿಯೋದ್ದಾದರೆ ಅದಕ್ಕೆ ಜೋಡಿಸಿರುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಬಿಡಿಸಿಬಿಡಿ.

ಕೊಳ್ಳುವ ಮೊದಲು ಮಲ್ಟಿಮೀಟರ್ ಇಡಿ: 8 ಓಮಿನದು 6ರಿಂದ 7 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಕೂಡಲೇ ಎಸೆಯಬೇಡಿ. ಟರ್ಮಿನಲ್ಲಿನಿಂದ ಕೋನಿಗೆ ಹೋಗುವ ಹೆಣೆದ ತಂತಿ ತುಂಡಾಗಿರಬಹುದು, ಬೆಸುಗೆ ಹಾಕಿದರೆ ಸಾಕು. ಆಮೇಲೆ ಎರಡೂ ಕೈಯ ಬೆರಳುಗಳಿಂದ ಕೋನನ್ನು ಸಮನಾಗಿ, ಮೆಲ್ಲಗೆ ಒತ್ತಿ. ಕರಕರ ಎಂದರೆ ಕೋನಿನ ಹಿಂದಿರುವ ಕಾಯಿಲ್ (ತಂತಿಯ ಸುರುಳಿ) ಅಯಸ್ಕಾಂತಕ್ಕೆ ಉಜ್ಜುತ್ತಿದೆ, ಅದನ್ನು ಬಿಟ್ಟುಬಿಡಿ. ಸಣ್ಣ ಹರಕಿಗೆ ಹೆದರಬೇಕಿಲ್ಲ. ಟಿಶ್ಯೂ ಕಾಗದಕ್ಕೆ ನೀರು ಬೆರೆಸಿದ ಫೆವಿಕಾಲ್ ಹಚ್ಚಿ ಅಂಟಿಸಿದರೆ ನಡೆಯುತ್ತದೆ.

ದನಿ ಒಡೆಯುವುದೆಲ್ಲ ಸ್ಪೀಕರಿನ ತಪ್ಪಲ್ಲ. ಐಸಿಯ 1 ಮತ್ತು 8ನೇ ಕಾಲುಗಳ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದ್ದರೆ ಗೇನ್, ಅಂದರೆ ಹಿಗ್ಗಿಸುವ ಪಟ್ಟು, 200. ತೆಗೆದು ನೋಡಿ, ಅದು 20ಕ್ಕೆ ಇಳಿಯುತ್ತದೆ. ಒಡಕು ಆಗ ಹೋದರೆ ಐಸಿಯದೇ ಕಾರಣ. ಮಂದ್ರ ತಂತಿಗಳಲ್ಲಿ ಮಾತ್ರ ಉಳಿದರೆ ಕೋನಿನದು. ಸ್ಪೀಕರಿಗೆ ಹೋಗುವ ದಾರಿಯ ಕೆಪಾಸಿಟರನ್ನೂ ನೋಡಿ. 220 ಮೈಕ್ರೋಫ್ಯಾರಡ್ ಆದರೆ 8 ಓಮಿನಲ್ಲಿ 90 ಹರ್ಟ್ಸ್‌ನಿಂದಲೇ ದನಿ ಇಳಿಯತೊಡಗುತ್ತದೆ, 4 ಓಮಿನಲ್ಲಿ 180ರಿಂದ. 470 ಹಾಕಿದರೆ 8 ಓಮಿನಲ್ಲಿ ಅದು 42 ಹರ್ಟ್ಸ್‌ಗೆ ಸರಿಯುತ್ತದೆ. ಇದು ಕೆಲವೇ ರೂಪಾಯಿಗಳ ಕೆಲಸ, ಮೊದಲು ಇದನ್ನೇ ಮಾಡಿ.

ಪ್ರಶ್ನೆ: ಕಂಪ್ಯೂಟರಿನ 4 ಓಮ್ ಸ್ಪೀಕರುಗಳು ಎರಡಿವೆ. ಒಟ್ಟಿಗೆ ಹಾಕಬಹುದೇ? (ಕುಂಬಳೆ)

ಉತ್ತರ: ಧಾರಾಳವಾಗಿ, ಆದರೆ ಸೀರೀಸಿನಲ್ಲಿ, ಅಂದರೆ ಒಂದರ ಹಿಂದೆ ಒಂದಾಗಿ. ಆಗ ಒಟ್ಟು 8 ಓಮ್. ಪ್ಯಾರಲಲ್, ಅಂದರೆ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿ ಹಾಕಿದರೆ 2 ಓಮ್ ಆಗಿ ಐಸಿ ಕೆಂಡವಾದೀತು. ಎರಡೂ ಒಂದೇ ದಿಕ್ಕಿಗೆ ಚಲಿಸಬೇಕು. 1.5 ವೋಲ್ಟಿನ ಸೆಲ್ಲನ್ನು ಕ್ಷಣಕಾಲ ಮುಟ್ಟಿಸಿ. ಕೋನ್ ಹೊರಕ್ಕೆ ಚಿಮ್ಮಿದಾಗ ಸೆಲ್ಲಿನ ಪ್ಲಸ್ ತಾಗಿದ ಟರ್ಮಿನಲ್ಲೇ ಪ್ಲಸ್, ಅದಕ್ಕೆ ಗುರುತು ಹಾಕಿ. ಒಂದರ ಮೈನಸ್ ಇನ್ನೊಂದರ ಪ್ಲಸ್‌ಗೆ ಸೇರಲಿ. ತಿರುವುಮುರುವಾದರೆ ಮಂದ್ರವೆಲ್ಲ ಮಾಯ, ಕೂಡಿಸಿದ ಶ್ರಮ ವ್ಯರ್ಥ.

ಪ್ರಶ್ನೆ: 8 ಇಂಚಿನ ಸ್ಪೀಕರಿಗೆ ಪೆಟ್ಟಿಗೆ ಹೇಗಿರಬೇಕು? ನಮ್ಮಲ್ಲಿ ಮಳೆಗಾಲದಲ್ಲಿ ಎಲ್ಲಕ್ಕೂ ಬೂಸಲು. (ಮಂಜೇಶ್ವರ)

ಉತ್ತರ: ಪೆಟ್ಟಿಗೆ ಬೇಕೇ ಬೇಕು. ಬರಿ ಸ್ಪೀಕರಿನಲ್ಲಿ ಹಿಂದಿನ ಅಲೆ ಮುಂದಿನದನ್ನು ರದ್ದು ಮಾಡಿ ಮಂದ್ರ ಕಳೆದುಹೋಗುತ್ತದೆ. 12 ಮಿಲಿಮೀಟರ್ ಮರೈನ್ ಪ್ಲೈವುಡ್ಡಿನಲ್ಲಿ 35 ಸೆಂಟಿಮೀಟರ್ ಅಗಲ, ಅಷ್ಟೇ ಎತ್ತರ, 20 ಆಳ. ಬೆನ್ನು ಅರ್ಧ ತೆರೆದಿರಲಿ. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ) ಹಲಗೆ ಬೇಡ, ಆಟಿಯ ಮಳೆಯ ತೇವಕ್ಕೆ ಅದು ಉಬ್ಬುತ್ತದೆ. ತೂತು ಕೊರೆಯುವ ಮೊದಲು ನಿಮ್ಮ ಸ್ಪೀಕರನ್ನೇ ಅಳೆಯಿರಿ, ಒಂದೊಂದು ಕಂಪೆನಿಯದು ಒಂದೊಂದು ತರ.

ಕೋನಿಗೆ ವಾರ್ನಿಶ್ ಬಳಿಯಬೇಡಿ. ಭಾರವಾಗಿ ದನಿ ಸಾಯುತ್ತದೆ. ಬೂಸಲನ್ನು ಮೆತ್ತನೆಯ ಒಣ ಕುಂಚದಲ್ಲಿ ಒರೆಸಿ, ನುಡಿಸದ ದಿನಗಳಲ್ಲಿ ಪೆಟ್ಟಿಗೆಯನ್ನು ಗೋಡೆಯಿಂದ ದೂರ, ನೆಲದಿಂದ ಮೇಲೆ ಇಡಿ. ಬ್ಯಾಟರಿಯನ್ನು ಹೊರಗೆ ತೆಗೆದಿಡಿ. ಉಪ್ಪುಗಾಳಿಗೆ ಸ್ಪೀಕರಿಗಿಂತ ಮೊದಲು ಕಿಲುಬು ಹಿಡಿಯುವುದು ಆ ಕ್ಲಿಪ್ಪಿಗೇ.