ಕಾಡಂಚಿನ ಮನೆಗೆ ಬೆಂಕಿ ತಾಗಬಾರದು ಅಂದರೆ ಸುತ್ತಲಿನ ಗಿಡಮರ ಎಲ್ಲ ಕಡಿಯಬೇಕಾ?

ಬೇಡ. ಎಲ್ಲ ಬೋಳಿಸಿದರೆ ಮಳೆಗೆ ಮಣ್ಣು ಕೊಚ್ಚಿಹೋಗುತ್ತದೆ. ಆ ಖಾಲಿ ಜಾಗಕ್ಕೆ ಮೊದಲು ಬರುವುದು ಕಳೆಹುಲ್ಲು. ಒಣಗಿದ ಮೇಲೆ ಅದಕ್ಕಿಂತ ಬೇಗ ಹೊತ್ತಿಕೊಳ್ಳುವುದು ಇನ್ನೇನಿದೆ!

ಕಾಳ್ಗಿಚ್ಚಿಗೆ ಸಿಕ್ಕ ಮನೆಗಳಲ್ಲಿ ಹೆಚ್ಚಿನವು ಹೊತ್ತುವುದು ಗಾಳಿಯಲ್ಲಿ ಹಾರಿ ಬಂದ ಕೆಂಡದ ಚೂರುಗಳಿಂದ. ಮಾಡಿನಂಚಿನ ಮಳೆನೀರಿನ ದೋಣಿಯಲ್ಲಿ ಸೇರಿದ ತರಗೆಲೆ, ಕಿಟಕಿ ಕೆಳಗಿನ ಒಣ ಪೊದೆ, ಬಾಗಿಲಲ್ಲಿ ಹಾಸಿದ ನಾರಿನ ಮ್ಯಾಟ್, ಯಾವುದಾದರೂ ಒಂದು ಸಾಕು. ಹಾಗಾಗಿ ಗೋಡೆಯಿಂದ 1.5 ಮೀಟರ್‌ವರೆಗೆ ಸುಡುವಂಥದ್ದು ಏನೂ ಬೇಡ. ಜಲ್ಲಿಯೋ ಕಲ್ಲುಚಪ್ಪಡಿಯೋ ಹಾಕಿ.

ಅದರಾಚೆ ಗಿಡಗಳನ್ನು ಗುಂಪುಗುಂಪಾಗಿ, ನಡುವೆ ಜಾಗ ಬಿಟ್ಟು ಬೆಳೆಸಿ. ದೊಡ್ಡ ಮರ ಉಳಿಯಲಿ. ನೆಲದಿಂದ 2–3 ಮೀಟರ್ ಎತ್ತರದವರೆಗಿನ ಕೊಂಬೆ ಸವರಿ, ಬುಡದ ಪೊದೆ ತೆಗೆದರಾಯಿತು. ಇಲ್ಲದಿದ್ದರೆ ಹುಲ್ಲಿನ ಬೆಂಕಿ ಪೊದೆಗೆ, ಪೊದೆಯಿಂದ ಕೊಂಬೆಗೆ, ಹೀಗೆ ಏಣಿ ಹತ್ತಿದಂತೆ ಮರದ ನೆತ್ತಿಗೇ ಹೋಗುತ್ತದೆ. ಇಳಿಜಾರಾದರೆ ಅಂತರ ಇನ್ನೂ ಜಾಸ್ತಿ ಬೇಕು, ಬೆಂಕಿ ಏರುಮುಖವಾಗಿ ಜೋರಾಗಿ ಓಡುತ್ತದೆ.

ಬಿದ್ದ ದಿಮ್ಮಿಗಳು? ಮನೆಯಿಂದ ದೂರವಿದ್ದರೆ ಒಂದೆರಡು ಹಾಗೇ ಬಿಡಿ, ಹುಳಹುಪ್ಪಟೆಗೂ ಮನೆ ಬೇಕಲ್ವಾ. ಸವರುವ ಕೆಲಸ ಹಕ್ಕಿಗಳು ಗೂಡು ಕಟ್ಟುವ ಕಾಲದಲ್ಲಿ ಮಾತ್ರ ಬೇಡ.